ಅತ್ತಿಗೆ ಕಾಯ್ದ ಅಣ್ಣತಮ್ಮ

ಆ ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಲಿಫ್ಟ್ ನಡೆಸುವವನಿಂದ ಹಿಡಿದು ಮೇಲಿನ ಮಹಡಿಯ ನಿರ್ದೇಶಕರ ತನಕ ಎಲ್ಲರಿಗೂ ಅವರು ಅತ್ತಿಗೆ. ಇದಕ್ಕೆ ಕಾರಣ ಅವರ ನಾದಿನಿಯ ಗಂಟಲು. ನಾದಿನಿ ಅದೇ ಆಸ್ಪತ್ರೆಯ ರಕ್ತನಿಧಿಯ ಹಿರಿಯ ಟೆಕ್ನಿಷಿಯನ್. ಕಾರಿಡಾರಿನ ಆ ತುದಿಯಲ್ಲಿ ನಿಂತು ‘ಅತ್ತಿಗೇ’ ಎಂದು ಕೂಗಿದರೆ ಈ ತುದಿಯ ಔಷಧದ ಕಿಟಕಿಯ ಮುಂದೆ ಸಾಲು ನಿಂತವರೂ ತಿರುಗಿ ನೋಡಬೇಕು. ಕೂಗಿ ಕೂಗಿ ಆ ಹೆಸರೇ ಗಟ್ಟಿಯಾಯಿತು. ವಯಸ್ಸಿನಲ್ಲಿ ಹಿರಿಯರಾದ ನಿರ್ದೇಶಕರು ಮೊದಮೊದಲು ‘ಮೇಡಂ’ ಎನ್ನುತ್ತಿದ್ದರು. ಒಂದು ದಿನ ಸಭೆಯಲ್ಲಿ ಬಾಯಿ ತಪ್ಪಿ ‘ಅತ್ತಿಗೆಯವರು ಹೇಳಿದ ಹಾಗೆ’ ಎಂದುಬಿಟ್ಟರು. ಯಾರೂ ನಗಲಿಲ್ಲ. ಅಲ್ಲಿಗೆ ನಾಮಕರಣ ಮುಗಿಯಿತು.

ಅತ್ತಿಗೆಯೂ ಮೊದಲು ರಕ್ತನಿಧಿಯವರೇ. ವಿಜ್ಞಾನದ ಪದವಿ ಮುಗಿಸಿ ಸೇರಿದ್ದು ರಕ್ತದ ಗುಂಪು ಪರೀಕ್ಷಿಸುವ ಮೇಜಿಗೆ. ಆ ಮೇಜಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ಪ್ರತಿ ಮಾದರಿಯನ್ನೂ ಇಬ್ಬರು ಪರೀಕ್ಷಿಸಬೇಕು. ಆಮೇಲೆ ಬೆನ್ನಿಗೆ ಬೆನ್ನು ಹಾಕಿ ಕೂತು ತಮ್ಮ ತಮ್ಮ ಉತ್ತರವನ್ನು ಗಟ್ಟಿಯಾಗಿ ಓದಬೇಕು. ಮುಖ ನೋಡಿಕೊಂಡು ಓದಿದರೆ ಒಬ್ಬರ ಉತ್ತರಕ್ಕೆ ಇನ್ನೊಬ್ಬರ ತಲೆ ತಾನಾಗಿಯೇ ಆಡಿಬಿಡುತ್ತದೆ. ಇನ್ನೊಂದು, ಕಳ್ಳ ಸೀಸೆ. ಉತ್ತರ ಮೊದಲೇ ಗೊತ್ತಿರುವ ಒಂದು ಸೀಸೆಯನ್ನು ಹಿರಿಯರು ಆಗಾಗ ಗುಟ್ಟಾಗಿ ಮಾದರಿಗಳ ನಡುವೆ ಸೇರಿಸುವುದು. ಪರೀಕ್ಷಿಸುವವರು ಕಂಡದ್ದನ್ನು ಹೇಳುತ್ತಾರೋ, ಸುಲಭವಾದದ್ದನ್ನು ಹೇಳುತ್ತಾರೋ ಅದರಿಂದ ತಿಳಿಯುತ್ತಿತ್ತು.

ನಾದಿನಿ ಆಗ ಹೊಸದಾಗಿ ಕಲಿಯಲು ಬಂದವಳು. ಅತ್ತಿಗೆ ಇಟ್ಟ ಕಳ್ಳ ಸೀಸೆಗೆ ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಬದಲಿಗೆ ಗಡಿಯಾರ ರಿಪೇರಿಯ ತನ್ನ ಅಣ್ಣನಿಗೆ ಈ ಕಟ್ಟುನಿಟ್ಟಿನ ಹುಡುಗಿಯೇ ಸರಿ ಎಂದು ತೀರ್ಮಾನಿಸಿದಳು. “ಬೇರೆಯವರು ಸೊಸೇನ ಒಂದ್ಸಲ ನೋಡಿ ಒಪ್ತಾರೆ. ನಾವು ಲ್ಯಾಬಲ್ಲಿ ಎರಡೆರಡು ಸಲ ಪರೀಕ್ಷೆ ಮಾಡಿ ಮನೆ ತುಂಬಿಸ್ಕೊಂಡ್ವಿ” ಎಂದು ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ರಕ್ತನಿಧಿಯ ಲೆಕ್ಕವನ್ನು ಅದಕ್ಕೆ ಹತ್ತಿಸಲು ಒಬ್ಬರು ಬೇಕಾಯಿತು. ಹೋದ ಅತ್ತಿಗೆ ಅಲ್ಲೇ ಉಳಿದರು. ನೆಲಮಾಳಿಗೆಯ ತಂಪು ಕೋಣೆ, ಹಲಗೆ ಹಾಸಿದ ನೆಲ, ಕೆಳಗೆ ಕೇಬಲ್ಲುಗಳು, ಸದಾ ಗುಂಯ್ ಎನ್ನುವ ಫ್ಯಾನುಗಳು. ರೋಗಿ, ರಕ್ತ, ಔಷಧ, ವರದಿ ಎಲ್ಲವನ್ನೂ ಹೊತ್ತ ಡೇಟಾಬೇಸ್ ಅಲ್ಲಿ ಎರಡು ಸರ್ವರ್‌ಗಳಲ್ಲಿ ಇತ್ತು. ಒಂದು ಮುಖ್ಯ ಸರ್ವರ್, ಬರೆಯುವುದೆಲ್ಲ ಅದರಲ್ಲಿ. ಇನ್ನೊಂದು ಸ್ಟ್ಯಾಂಡ್‌ಬೈ, ಮುಖ್ಯದಲ್ಲಿ ಬರೆದದ್ದನ್ನೆಲ್ಲ ಆ ಕ್ಷಣವೇ ನೋಡಿ ತನ್ನಲ್ಲೂ ಬರೆದುಕೊಳ್ಳುತ್ತದೆ, ಮುಖ್ಯದ್ದು ಕೆಟ್ಟು ಕೂತರೆ ಅದರ ಜಾಗಕ್ಕೆ ಬರುತ್ತದೆ. ಅತ್ತಿಗೆ ಇವನ್ನು ಅಣ್ಣ, ತಮ್ಮ ಎಂದು ಕರೆದರು. ವರದಿ ಗಿರದಿ ಓದುವವರು ಅಣ್ಣನಿಗೆ ತೊಂದರೆ ಕೊಡದೆ ತಮ್ಮನ ಬಳಿ ಓದಬಹುದು ಎಂಬ ಏರ್ಪಾಡೂ ಇತ್ತು.

ಕೆಲವು ವರ್ಷಗಳ ಹಿಂದೆ ಇದೇ ಜೋಡಿಯ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಲು ಹೊರಗಿನ ಕಂಪನಿಯೊಂದು ಬಂದಿತ್ತು. ಅತ್ತಿಗೆಗೆ ‘ನೀವು ದೂರ ಇರಿ’ ಎಂದರು. ಏರಿಸುವುದು ಅರ್ಧಕ್ಕೆ ಕೆಟ್ಟಿತು. ಸರಿ, ತಮ್ಮನನ್ನು ಎಬ್ಬಿಸೋಣ ಎಂದು ಹೋದರೆ ತಮ್ಮ ಹಿಂದೆ ಬಿದ್ದಿದ್ದ. ಅವನ ಮೇಜಿನ ಮೇಲೆ ಬಂದದ್ದು ರಾಶಿ ಇತ್ತು, ಪುಸ್ತಕಕ್ಕೆ ಏರಿರಲಿಲ್ಲ. ಅದೆಲ್ಲ ಬರೆದು ಮುಗಿಯುವ ತನಕ ಕಾಯುವ ತಾಳ್ಮೆ ಕಂಪನಿಯವರಿಗೆ ಇರಲಿಲ್ಲ. ರಾಶಿಯನ್ನು ಪಕ್ಕಕ್ಕೆ ತಳ್ಳಿ ಅವನನ್ನು ತೆರೆದುಬಿಟ್ಟರು. ಅಷ್ಟು ಹೊತ್ತಿನ ರಕ್ತದ ಚೀಲಗಳ ಲೆಕ್ಕ ಮಾಯ. ನಾದಿನಿ ಆ ದಿನವಿಡೀ ಫ್ರಿಜ್ಜಿನ ಮುಂದೆ ಕೂತು, ಒಂದೊಂದೇ ಚೀಲದ ಚೀಟಿ ಓದಿ, ವಾರ್ಡು ವಾರ್ಡಿಗೆ ಫೋನ್ ಮಾಡಿ ಲೆಕ್ಕ ಕೂಡಿಸಿದಳು.

ಅಂದಿನಿಂದ ಅವಳು ಕಂಪ್ಯೂಟರಿಗೆ ಹಾಕಿದ್ದನ್ನೆಲ್ಲ ಕಾರ್ಬನ್ ಹಾಳೆ ಇಟ್ಟು ಕಾಗದದ ಮೇಲೂ ಬರೆಯತೊಡಗಿದಳು. ಬಲಗೈ ಬೆರಳ ತುದಿಗಳು ನೀಲಿಯಾದವು. ಭಾನುವಾರದ ಊಟಕ್ಕೆ ಮನೆಗೆ ಬಂದು ತಟ್ಟೆಗೆ ಕೈ ಹಾಕಿದರೆ ಎದುರು ಕೂತ ಅತ್ತಿಗೆಯ ಕಣ್ಣು ನೆಟ್ಟಗೆ ಆ ಬೆರಳಿಗೇ ಹೋಗುತ್ತಿತ್ತು.

“ತೊಳೆದ್ರೂ ಹೋಗಲ್ವಾ ಅದು?”

“ಹೋಗುತ್ತೆ ಅತ್ತಿಗೆ. ನಿಮ್ಮ ಅಣ್ಣತಮ್ಮಂದಿರು ನೆಟ್ಟಗಾದ ದಿನ ಹೋಗುತ್ತೆ.”

ನಡುವೆ ಕೂತ ಅತ್ತಿಗೆಯ ಗಂಡ, ಗಡಿಯಾರದವರು, ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಎರಡು ಮುಳ್ಳುಗಳ ನಡುವೆ ಬೆರಳಿಡಬಾರದು ಎಂದು ಅವರಿಗೆ ಕಸುಬೇ ಕಲಿಸಿತ್ತು.

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ; ಅತ್ತಿಗೆಗೆ ಅದು ಅರ್ಥವಾಗುತ್ತಿತ್ತು. ನೋಯುತ್ತಿದ್ದುದು ಬೇರೆ. ತಾನೇ ಬೆನ್ನಿಗೆ ಬೆನ್ನು ಹಾಕಿ ಕೂತು ಕಲಿಸಿದ ನಾದಿನಿಯೇ ತನ್ನ ಕೈಯಲ್ಲಿರುವ ಲೆಕ್ಕವನ್ನು ನಂಬುತ್ತಿಲ್ಲ.

ಈಗ ಮತ್ತೆ ಏರಿಸುವ ಕಾಲ ಬಂತು. ಹಳೆಯ ಆವೃತ್ತಿಗೆ ಇನ್ನು ದುರಸ್ತಿ ಕೊಡುವುದಿಲ್ಲ ಎಂದು ತಯಾರಕರು ತಿಳಿಸಿದ್ದರು. ನಿರ್ದೇಶಕರ ಸಭೆಯಲ್ಲಿ ನಾದಿನಿ ಎದ್ದು ನಿಂತಳು.

“ಈ ಸಲ ಒಂದು ಚೀಲದ ಲೆಕ್ಕ ತಪ್ಪಿದ್ರೂ ರಕ್ತನಿಧಿ ಕಾಗದಕ್ಕೆ ವಾಪಸ್. ಕಂಪ್ಯೂಟರ್ ನಮಗೆ ಬೇಡ. ಈಗಲೇ ಹೇಳಿದೀನಿ.”

“ತಪ್ಪಿದ್ರೆ ನಾನೇ ಬಂದು ಕಾರ್ಬನ್ ಹಾಕಿ ಕೊಡ್ತೀನಮ್ಮ” ಎಂದರು ಅತ್ತಿಗೆ. ಎಲ್ಲರೂ ನಕ್ಕರು. ನಾದಿನಿ ನಗಲಿಲ್ಲ. ನಿಜಕ್ಕೂ ಅತ್ತಿಗೆಯೂ ನಗಲಿಲ್ಲ.

ಕೆಲಸಕ್ಕೆ ಅವರೊಂದಿಗೆ ಇದ್ದವನು ನೆಟ್‌ವರ್ಕಿನ ಎಂಜಿನಿಯರ್. ಎಲ್ಲರೂ ಅವನನ್ನು ಅರ್ಜೆಂಟು ಎನ್ನುತ್ತಿದ್ದರು. ಲಿಫ್ಟಿನ ಬಾಗಿಲು ಪೂರ್ತಿ ತೆರೆಯುವ ಮುಂಚೆ ಅಡ್ಡ ತಿರುಗಿ ನುಗ್ಗುವ ಮನುಷ್ಯ. ಕೆಲಸಗಾರನೇನೋ ಹೌದು. ಎರಡೂ ಸರ್ವರ್‌ಗಳನ್ನು ಒಟ್ಟಿಗೇ ಏರಿಸಿಬಿಡೋಣ, ಒಂದೇ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂಬುದು ಅವನ ವಾದ.

“ಬೇಡ” ಎಂದರು ಅತ್ತಿಗೆ. “ಮೊದಲು ಅಣ್ಣ ಮಾತ್ರ. ಬೇಗ ಆಗಲಿ ಅಂತ ನಾವು ಹಿಡಿದಿರೋ ದಾರಿಯಲ್ಲಿ ಅಣ್ಣ ಹೊಸ ಆವೃತ್ತಿಯಲ್ಲಿ ಒಂದ್ಸಲ ಕಣ್ಣು ಬಿಟ್ಟ ಅಂದ್ರೆ ಅವನ ಹಳೇ ಕಡತ ಮತ್ತೆ ಉಪಯೋಗಕ್ಕೆ ಬರಲ್ಲ. ಹಿಂದಕ್ಕೆ ಬರೋಕೆ ಇರೋದು ತಮ್ಮ ಒಬ್ಬನೇ. ಅವನು ಹಳೇ ಆವೃತ್ತಿಯಲ್ಲೇ ಹಾಗೇ ಮಲಗಿರಲಿ. ಹತ್ತಿ ಹೋದ್ಮೇಲೆ ಏಣಿ ಒದೀಬಹುದು, ಹತ್ತುತ್ತಾ ಇರೋವಾಗಲ್ಲ.”

“ಯಾವಾಗ ಒದೀಬಹುದು?”

“ರಕ್ತನಿಧಿಯವರು ಸರಿ ಅಂದಾಗ.”

“ನಿಮ್ಮ ನಾದಿನಿ ಸರಿ ಅನ್ನೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ ಅತ್ತಿಗೆ!”

ಭಾನುವಾರ ಊಟದ ನಂತರ ಆಸ್ಪತ್ರೆ ತುಸು ಆಕಳಿಸುತ್ತದೆ. ಆ ಹೊತ್ತನ್ನೇ ಆರಿಸಿದ್ದರು. ಬರೆಯುವುದನ್ನು ನಿಲ್ಲಿಸಿ ಎಂದು ಎಲ್ಲ ವಿಭಾಗಗಳಿಗೂ ಹೇಳಿಯಾಗಿತ್ತು. ನಡುವೆ ಬಂದ ಚೀಲಗಳನ್ನು ರಕ್ತನಿಧಿಯವರು ಚೀಟಿಯಲ್ಲಿ ಬರೆದಿಟ್ಟು ಆಮೇಲೆ ಕಂಪ್ಯೂಟರಿಗೆ ಹಾಕಬೇಕು ಎಂಬ ಒಪ್ಪಂದವಾಗಿತ್ತು. ತಂಪು ಕೋಣೆಯಲ್ಲಿ ಅತ್ತಿಗೆ ಶಾಲು ಹೊದ್ದು ಕೂತರು. ಅರ್ಜೆಂಟು ತೋಳು ಮಡಚಿ ನಿಂತ.

“ಕೂತ್ಕೋ. ಬೆನ್ನು ಈ ಕಡೆ.”

“ಅತ್ತಿಗೆ, ತಮ್ಮನ ದೀಪ ಹಸಿರಿದೆ. ನನ್ನ ಪರದೆಯಲ್ಲೂ ಹಸಿರೇ ಇದೆ.”

“ಹಸಿರು ಗಿಡಕ್ಕೂ ಇರುತ್ತೆ. ಕೂತ್ಕೋ.”

ಅವನು ಕುರ್ಚಿ ತಿರುಗಿಸಿ ಕೂತ. ಅತ್ತಿಗೆಯ ಪರದೆಯಲ್ಲಿ ಅಣ್ಣ, ಅವನದರಲ್ಲಿ ತಮ್ಮ. ಎಲ್ಲಿಯವರೆಗೆ ಬರೆದಾಯಿತು ಎಂಬುದಕ್ಕೆ ಡೇಟಾಬೇಸ್ ಒಂದು ಗುರುತು ಕೊಡುತ್ತದೆ; ಅಂಕಿ, ಅಕ್ಷರ ಬೆರೆತ ಒಂದು ಸಾಲು. ಇಬ್ಬರದೂ ಅಕ್ಷರಶಃ ಒಂದೇ ಇರಬೇಕು. ಅತ್ತಿಗೆ ಶಾಲಾ ಮಗ್ಗಿಯ ಹಾಗೆ ನಿಧಾನವಾಗಿ ಓದಿದರು. ಅರ್ಜೆಂಟು ಓದಿದ. ಮೊದಲರ್ಧ ಕೂಡಿತು. ಆಮೇಲೆ ಕೂಡಲಿಲ್ಲ.

“ಇನ್ನೊಂದು ಸಲ ಓದು. ಬಂದದ್ದನ್ನಲ್ಲ, ಬರೆದದ್ದನ್ನ.”

ಅವನು ಇನ್ನೊಂದು ಸಾಲು ನೋಡಿದ. “ಬಂದದ್ದರ ಗುರುತು ನಿಮ್ಮದಕ್ಕೆ ಸರಿಯಾಗಿ ಕೂಡ್ತಿದೆ. ಬರೆದದ್ದರದ್ದು ಮಾತ್ರ ಹಿಂದಿದೆ. ಹಸಿರು ದೀಪ ಬಂದದ್ದನ್ನ ನೋಡಿ ಉರಿಯೋದು. ಬಿಡಿ ಅತ್ತಿಗೆ, ಬಂದು ಸೇರಿದೆಯಲ್ಲ, ಎಬ್ಬಿಸಿದಾಗ ಅವನೇ ಬರ್ಕೋತಾನೆ.”

“ಬರ್ಕೋಬಹುದು. ಎಷ್ಟು ಹೊತ್ತು ಹಿಡಿಯುತ್ತೆ? ಮೇಲೆ ಆಪರೇಷನ್ ಥಿಯೇಟರಲ್ಲಿ ಕಾಯ್ತಾರಾ? ಹೋದ ಸಲ ಕಾಯೋಕಾಗದೆ ತಾನೇ ರಾಶಿ ತಳ್ಳಿದ್ದು? ‘ಬರೆದಿದ್ದಾನೆ’ ಅಂತಾದ್ರೆ ನಾನು ಸಹಿ ಹಾಕ್ತೀನಿ. ‘ಬರೀತಾನೆ’ ಅನ್ನೋದಕ್ಕೆ ನನ್ನ ಸಹಿ ಇಲ್ಲ.”

ಬರುವುದು ಬರುತ್ತಿದೆ, ಬರೆಯುವುದು ನಿಂತಿದೆ. ಅಂದರೆ ತಮ್ಮನ ಪುಸ್ತಕದಲ್ಲಿ ಯಾರೋ ಒಂದು ಪುಟ ತೆರೆದು ಓದುತ್ತ ಕೂತಿದ್ದಾರೆ. ಓದುವವರ ಕಣ್ಣಮುಂದೆಯೇ ಪುಟ ಬದಲಾಗಬಾರದು ಎಂದು ತಮ್ಮ ಸೌಜನ್ಯದಿಂದ ಕಾಯುತ್ತಾನೆ. ಅವನನ್ನು ಹಾಗೆ ಇರಿಸಿದ್ದು ಆಸ್ಪತ್ರೆಯೇ. ಶುಕ್ರವಾರ ಸಂಜೆ ಮನೆಗೆ ಹೊರಡುವಾಗ ಅತ್ತಿಗೆ ನೋಡಿದಾಗ ಎರಡೂ ಕೂಡಿದ್ದವು. ಆಮೇಲೆ ಬಂದು ಕೂತವರು ಯಾರು ಎಂದು ಕೇಳಿದರೆ ಯಂತ್ರ ಹೆಸರು ಹೇಳಿತು. ಅಂಕಿಅಂಶ ವಿಭಾಗದ ಮೇಷ್ಟ್ರು.

ಅವರು ಮೇಷ್ಟ್ರಲ್ಲ, ಗುಮಾಸ್ತರು. ಆದರೆ ನೋಟೀಸ್ ಬೋರ್ಡಿನ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವ ಚಾಳಿಯಿಂದ ಆ ಹೆಸರು ಬಂದಿತ್ತು. ಅತ್ತಿಗೆ ಫೋನ್ ಮಾಡಿದಾಗ ಹಿಂದೆ ಕತ್ತರಿಯ ಸದ್ದು ಕೇಳಿತು, ಕ್ಷೌರದ ಅಂಗಡಿಯಲ್ಲಿದ್ದರು.

“ಮೇಷ್ಟ್ರೇ, ತಮ್ಮನ ಹತ್ರ ಏನೋ ತೆರೆದಿಟ್ಟು ಹೋಗಿದೀರಲ್ಲ.”

“ವಾರ್ಷಿಕ ವರದಿ. ಓದ್ತಾ ಓದ್ತಾ ಅರ್ಧಕ್ಕೆ ಬಂದಿತ್ತು, ಪರದೆಗೆ ಬೀಗ ಹಾಕಿ ಬಂದೆ. ಮುಚ್ಚಿದ್ರೆ ಸೋಮವಾರ ಮತ್ತೆ ಮೊದಲಿಂದ ಶುರುಮಾಡ್ಬೇಕು.”

“ಈವತ್ತು ಏರಿಸೋ ಕೆಲಸ ಇದೆ ಅಂತ ನೋಟೀಸ್ ಹಾಕಿದ್ವಲ್ಲ?”

“ಓದ್ದೆ. ‘ಯಾರೂ ಏನನ್ನೂ ಬರೆಯಬಾರದು’ ಅಂತಿತ್ತು. ನಾನು ಬರೀತಿಲ್ಲ ಅತ್ತಿಗೆ, ಓದ್ತಿದೀನಿ. ಓದಬಾರದು ಅಂತ ಎಲ್ಲಿತ್ತು?”

ಅತ್ತಿಗೆ ಒಂದು ಕ್ಷಣ ಕಣ್ಣು ಮುಚ್ಚಿದರು. ನೋಟೀಸ್ ಬರೆದವರು ಅವರೇ. “ಇರ್ಲಿಲ್ಲ. ಸೋಮವಾರ ಕೆಂಪು ಶಾಯಿ ತಗೊಂಡು ಬನ್ನಿ, ತಿದ್ದಿಸ್ಕೋತೀನಿ. ಈಗ ನಿಮ್ಮ ವರದಿ ಮುಚ್ತಿದೀನಿ.”

“ಅಯ್ಯೋ, ಅರ್ಧ ಆಗಿದೆ!”

“ನಿಮ್ಮ ಕ್ಷೌರನೂ ಅರ್ಧ ಆಗಿದೆ. ಅದನ್ನಾದ್ರೂ ಪೂರ್ತಿ ಮಾಡಿಸ್ಕೊಳ್ಳಿ. ವರದಿ ಹೋಗೋಕೆ ನಾನು ಬಿಡಲ್ಲ. ಕೆಲಸ ಮುಗಿದ ಕೂಡಲೇ ನಾನೇ ಮೊದಲಿಂದ ಓಡಿಸಿ ಇಡ್ತೀನಿ, ಬೆಳಿಗ್ಗೆ ನಿಮ್ಮ ಮೇಜಿನ ಮೇಲಿರುತ್ತೆ.”

ಮೇಷ್ಟ್ರ ಓದು ಮುಚ್ಚಿತು. ತಮ್ಮ ನಿಟ್ಟುಸಿರು ಬಿಟ್ಟವನಂತೆ ರಾಶಿಗೆ ಕೈ ಹಾಕಿದ. ಸಾಲಿನ ಅಂಕಿಗಳು ಸರಸರನೆ ಏರತೊಡಗಿದವು. ಅರ್ಜೆಂಟು ಗಡಿಯಾರ ನೋಡಿದ, ಬಾಗಿಲು ನೋಡಿದ, ಮತ್ತೆ ಗಡಿಯಾರ ನೋಡಿದ.

“ಅದನ್ನ ನೋಡಿದ್ರೆ ಬೇಗ ಹೋಗಲ್ಲ. ನಮ್ಮ ಮನೆಯವರು ಅದೇ ನೋಡ್ತಾ ಕೂದಲು ನರೆಸ್ಕೊಂಡ್ರು” ಎಂದರು ಅತ್ತಿಗೆ.

ಏರಿಕೆ ನಿಂತಿತು. ಮತ್ತೆ ಬೆನ್ನಿಗೆ ಬೆನ್ನು. ಅತ್ತಿಗೆ ಓದಿದರು, ಅವನು ಓದಿದ. ಈ ಸಲ ಅರ್ಜೆಂಟು ಒಂದೊಂದು ಅಕ್ಷರವನ್ನೂ ಬಿಡಿಸಿ ಓದಿದ್ದನ್ನು ಅತ್ತಿಗೆ ಗಮನಿಸಿದರು. ಕೊನೆಯ ಅಕ್ಷರದ ತನಕ ಕೂಡಿತು. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡು, ಮೊದಲು ಅಣ್ಣನನ್ನು ನಿಲ್ಲಿಸಿ, ಅವನ ಕೊನೆಯ ಗುರುತೂ ತಮ್ಮನಿಗೆ ತಲುಪಿದ್ದನ್ನು ಖಚಿತಪಡಿಸಿಕೊಂಡು, ತಮ್ಮನನ್ನು ಮಲಗಿಸಿದರು. ಅವನ ಪೆಟ್ಟಿಗೆಯ ಮೇಲೆ ‘ಮುಟ್ಟಬೇಡಿ, ಓದಲೂ ಬೇಡಿ’ ಎಂದು ಬರೆದು ಅಂಟಿಸಿದರು.

ಏರಿಸುವ ಕೆಲಸವೇ ನಿಜಕ್ಕೆ ಎಲ್ಲಕ್ಕಿಂತ ಸಪ್ಪೆ. ಅದನ್ನು ಹಳೆಯ ಪ್ರತಿಯೊಂದರ ಮೇಲೆ ಅತ್ತಿಗೆ ಮೊದಲೇ ಮಾಡಿ ನೋಡಿದ್ದರು. ಆದೇಶ ಕೊಟ್ಟರು, ಪರದೆಯಲ್ಲಿ ಸಾಲುಗಳು ಒಂದೊಂದಾಗಿ ‘ಸರಿ’ ಎನ್ನುತ್ತ ಹೋದವು, ಅಣ್ಣ ಹೊಸ ಆವೃತ್ತಿಯಲ್ಲಿ ಕಣ್ಣು ಬಿಟ್ಟ. ಅರ್ಜೆಂಟು ಒಬ್ಬ ರೋಗಿಯ ವಿವರ ಕೇಳಿ ನೋಡಿದ. ಉತ್ತರ ಬರಲು ತಡವಾಯಿತು. ಅವನ ಮುಖ ಇಳಿಯಿತು.

“ಅತ್ತಿಗೆ, ಒದ್ದಾಡ್ತಿದೆ! ತಮ್ಮನ್ನ ಎಬ್ಬಿಸೋಣ್ವಾ?”

“ಹೊಸ ಮನೆಗೆ ಬಂದವನಿಗೆ ಉಪ್ಪಿನ ಡಬ್ಬ ಎಲ್ಲಿದೆ ಅಂತ ಕೂಡಲೇ ಗೊತ್ತಾಗುತ್ತಾ? ಎಲ್ಲಾ ಕಪಾಟು ಒಂದ್ಸಲ ತೆಗೆದು ನೋಡಿಕೊಳ್ಳಲಿ.” ಯಾವ ಕೋಷ್ಟಕದಲ್ಲಿ ಏನೆಷ್ಟಿದೆ ಎಂದು ಅಣ್ಣ ಹೊಸದಾಗಿ ಅಂದಾಜು ಮಾಡಿಕೊಳ್ಳುವ ಆದೇಶ ಅವರ ಮುಂದಿನ ಹೆಜ್ಜೆಯೇ ಆಗಿತ್ತು. ಅದು ಮುಗಿದ ಮೇಲೆ ಅದೇ ಪ್ರಶ್ನೆ ಕೇಳಿದರೆ ಕೇಳುವ ಮುಂಚೆಯೇ ಉತ್ತರ ಬಂದಂತಾಯಿತು.

“ಆಯ್ತಲ್ಲ! ಎಲ್ಲರಿಗೂ ಬಾಗಿಲು ತೆರೀಲಾ?” ಎಂದು ಅರ್ಜೆಂಟು ಆಗಲೇ ಎದ್ದಿದ್ದ.

“ಇನ್ನೂ ಒಬ್ಬರು ಓದಬೇಕು” ಎಂದು ಅತ್ತಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ರಕ್ತನಿಧಿಗೆ ನಡೆದರು. ಅರ್ಜೆಂಟು ಹಿಂದೆಯೇ ಹೋದ.

ನಾದಿನಿ ಫ್ರಿಜ್ಜಿನ ಮುಂದೆ ಸ್ಟೂಲು ಎಳೆದುಕೊಂಡು ಕಾಯುತ್ತಿದ್ದಳು. ಬೆರಳುಗಳು ಎಂದಿನಂತೆ ನೀಲಿ. ಸ್ಟೂಲನ್ನು ತಿರುಗಿಸಿ ಬೆನ್ನು ಹಾಕಿದಳು. ಅತ್ತಿಗೆಯೂ ಇನ್ನೊಂದು ಸ್ಟೂಲಿನಲ್ಲಿ ಬೆನ್ನು ಹಾಕಿ ಕೂತರು. ಎಷ್ಟೋ ವರ್ಷಗಳ ಮೇಲೆ ಆ ಬೆನ್ನು ಆ ಬೆನ್ನಿಗೆ ತಾಗಿತ್ತು. ಫ್ರಿಜ್ಜಿನ ಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಕಾಲ ಬಳಿ ಹರಿಯಿತು.

ನಾದಿನಿ ಒಂದೊಂದೇ ಚೀಲದ ಸಂಖ್ಯೆ ಓದಿದಳು. ಅತ್ತಿಗೆ ಪರದೆಯಿಂದ ಗುಂಪು, ಬಂದ ದಿನ, ಯಾರಿಗೆ ಕಾದಿರಿಸಿದೆ ಎಂಬುದನ್ನು ಹೇಳಿದರು. ಶುಕ್ರವಾರ ಸಂಜೆಯ ನಂತರದ ಚೀಲಗಳು ಬಂದಾಗ ಅರ್ಜೆಂಟು ಬಾಗಿಲಿನಿಂದ ಕತ್ತು ಚಾಚಿದ. ಎಲ್ಲವೂ ಇದ್ದವು. ಬಾಗಿಲು ಬಹಳ ಹೊತ್ತು ತೆರೆದಿದೆ ಎಂದು ಫ್ರಿಜ್ಜು ಕುಯ್ ಕುಯ್ ಎಂದು ದೂರಿತು. ನಾದಿನಿ ಒಮ್ಮೆ ಮುಚ್ಚಿ, ಕಾದು, ಮತ್ತೆ ತೆರೆದಳು. ಕೆಳಗಿನ ತಟ್ಟೆಯಿಂದ ಒಂದು ಚೀಲ ತೆಗೆದು ಸಂಖ್ಯೆ ಓದಿದಳು.

ಅತ್ತಿಗೆ ಹುಡುಕಿದರು. “ಇಲ್ಲ.”

“ಸರಿಯಾಗಿ ನೋಡಿ ಅತ್ತಿಗೆ.”

“ಇನ್ನೊಂದ್ಸಲ ಓದು.” ನಾದಿನಿ ಓದಿದಳು. ಅತ್ತಿಗೆ ಮತ್ತೆ ಹುಡುಕಿದರು. “ನೋಡ್ದೆ. ನನ್ನ ಹತ್ರ ಇಲ್ಲ.”

ಬಾಗಿಲ ಬಳಿಯಿಂದ ಅರ್ಜೆಂಟು ನಡುವೆ ಬಾಯಿ ಹಾಕಿದ. “ಮೇಡಂ, ಒಂದೇ ಒಂದು ಚೀಲ. ಅಂಕಿ ಓದೋದ್ರಲ್ಲಿ ಏನಾದ್ರೂ...”

“ನೀನು ಸುಮ್ನಿರು” ಎಂದರು ಅತ್ತಿಗೆ. ದನಿ ಏರಿರಲಿಲ್ಲ. ಆಮೇಲೆ ನಾದಿನಿಗೆ ಹೇಳಿದರು: “ಓದಿದ್ದು ಸರಿಯಾಗೇ ಇದೆ. ಇಲ್ಲದ್ದನ್ನ ಇದೆ ಅನ್ನಲ್ಲ ನಾನು. ತಮ್ಮ ಮಲಗಿದ್ದಾನೆ, ಹೋಗಿ ಎಬ್ಬಿಸಿ ಅವನನ್ನ ಕೇಳ್ತೀನಿ. ಅವನ ಹತ್ರ ಇದ್ರೆ ತಪ್ಪು ನಮ್ಮದು, ಈವತ್ತಿನದೆಲ್ಲ ಅಳಿಸಿ ಹಿಂದಕ್ಕೆ ಹೋಗ್ತೀವಿ. ಅವನ ಹತ್ರನೂ ಇಲ್ಲ ಅಂದ್ರೆ ಈ ಚೀಲ ನಾವು ಬರೆಯೋದು ನಿಲ್ಲಿಸಿದ ಮೇಲೆ ಬಂದದ್ದು, ಅದರ ಚೀಟಿ ನಿನ್ನ ಹತ್ರ ಇರ್ಬೇಕು.”

ಫ್ರಿಜ್ಜು ಮತ್ತೆ ಕುಯ್ ಎಂದಿತು. ನಾದಿನಿ ಬಾಗಿಲು ಮುಚ್ಚಿದಳು. ತಾಗಿದ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾಳೋ ಎಂದು ಅತ್ತಿಗೆ ತಿರುಗಿದರೆ, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಇನ್ನೊಂದು ಕೈ ಬಿಳಿ ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆಯಿತು.

“ನೀವು ಕೆಳಗೆ ಅಣ್ಣನ್ನ ನಿಲ್ಲಿಸಿದ ಮೇಲೆ ಬಂತು ಇದು. ಚೀಟಿ ಜೇಬಿಗೆ ಹಾಕ್ಕೊಂಡೆ.”

“ಕಳ್ಳ ಸೀಸೆ!”

“ಕಳ್ಳ ಚೀಲ. ಕಲಿಸಿದ್ದು ಯಾರು? ಜಗಳ ಬೇಡ ಅಂತ ‘ಇದೆ ಇದೆ’ ಅಂತೀರೇನೋ ನೋಡೋಣ ಅಂದ್ಕೊಂಡೆ.”

“ಅಂದಿದ್ರೆ?”

“ಅಂದಿದ್ರೆ ಈ ಜನ್ಮದಲ್ಲಿ ಕಾರ್ಬನ್ ಬಿಡ್ತಿರ್ಲಿಲ್ಲ.” ಅವಳು ಅರ್ಜೆಂಟಿನ ಕಡೆ ತಿರುಗಿದಳು. “ನಿಮ್ಮನ್ನ ಕೂರಿಸಿದ್ರೆ ಸಿಕ್ಕಿಬೀಳ್ತಿದ್ರಿ ನೋಡಿ.”

“ನಾನಾ? ಇಲ್ಲಪ್ಪ, ನಾನು ಬರೀ ಅಂಕಿ ಓದೋದ್ರಲ್ಲಿ ಅಂತ...” ಎಂದು ಅವನು ಲಿಫ್ಟಿನ ಕಡೆ ನಡೆದ. ಬಾಗಿಲುಗಳನ್ನು ಎಲ್ಲ ವಿಭಾಗಗಳಿಗೂ ತೆರೆಯುವ ಕೆಲಸ ಈಗ ನಿಜಕ್ಕೂ ಅರ್ಜೆಂಟಾಗಿತ್ತು.

ಅತ್ತಿಗೆ ಆ ಚೀಲದ ವಿವರವನ್ನು ತಾವೇ ಹೊಸ ಅಣ್ಣನಿಗೆ ಹಾಕಿದರು. ಆಮೇಲೆ ನೆಲಮಾಳಿಗೆಗೆ ಇಳಿದು, ಮಾತು ಕೊಟ್ಟಂತೆ ಮೇಷ್ಟ್ರ ವರದಿಯನ್ನು ಮೊದಲಿನಿಂದ ಓಡಿಸಿದರು. ತಮ್ಮನನ್ನು ಇನ್ನೂ ಎಬ್ಬಿಸುವಂತಿರಲಿಲ್ಲ, ಹಾಗಾಗಿ ಅದು ಅಣ್ಣನ ಮೇಲೇ ಓಡಿತು. ಸೋಮವಾರ ಅದು ಮೇಷ್ಟ್ರ ಮೇಜಿನ ಮೇಲಿತ್ತು. ನೋಟೀಸ್ ಬೋರ್ಡಿನಲ್ಲಿ ‘ಬರೆಯಬಾರದು’ ಎಂಬುದರ ಪಕ್ಕ ಕೆಂಪು ಶಾಯಿಯಲ್ಲಿ ‘ಓದಲೂಬಾರದು’ ಎಂದು ಸೇರಿತ್ತು. ರಕ್ತನಿಧಿಯಿಂದ ‘ಸರಿ’ ಎಂಬ ಮಾತು ಬರುವ ತನಕ ತಮ್ಮ ಹಳೆಯ ಆವೃತ್ತಿಯಲ್ಲೇ ಮಲಗಿದ್ದ. ಆ ಮಾತು ಬಂದದ್ದು ಫೋನಿನಲ್ಲಿ, ಒಂದೇ ಪದ. ಕಾರಿಡಾರಿನಲ್ಲಿ ಕೂಗಿರಲಿಲ್ಲ ಎಂಬುದೇ ಆಶ್ಚರ್ಯ. ಅಂದು ಅತ್ತಿಗೆ ತಮ್ಮನನ್ನು ಅಣ್ಣನಿಂದ ಹೊಸದಾಗಿ ಕಟ್ಟಿ ನಿಲ್ಲಿಸಿದರು. ಬೆನ್ನಿಗೆ ಬೆನ್ನು ಹಾಕಿ ಓದಿ ನೋಡಿದ ಮೇಲೆಯೇ ಮನೆಗೆ ಹೊರಟರು. ಕುರ್ಚಿಯನ್ನು ತಾನಾಗಿ ತಿರುಗಿಸಿಕೊಂಡು ಕೂತವನು ಅರ್ಜೆಂಟು.

ಅದಾದ ಮೇಲಿನ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದರು. ನಾದಿನಿ ತಟ್ಟೆಗೆ ಕೈ ಹಾಕಿದಳು. ಎದುರು ಕೂತ ಅತ್ತಿಗೆಯ ಕಣ್ಣು ಅಭ್ಯಾಸಬಲದಿಂದ ಬೆರಳಿಗೆ ಹೋಯಿತು.

“ಏನ್ ನೋಡ್ತಿದೀರಾ?” ಎಂದಳು ನಾದಿನಿ.

“ಏನಿಲ್ಲಮ್ಮ.”

“ಕಾರ್ಬನ್ ಹಾಳೆ ಮುಗಿದುಹೋಗಿದೆ. ಸ್ಟೋರಿನವನು ಇನ್ನೂ ತರಿಸಿಲ್ಲ. ಅಷ್ಟೇ.”

“ಕೇಳಿದೀಯಾ ಅವನನ್ನ?”

ನಾದಿನಿ ತುತ್ತು ಅಗಿಯುತ್ತ ಯೋಚಿಸಿದಳು. “ಕೇಳ್ಬೇಕು” ಎಂದಳು. “ಮರೆತುಹೋಗುತ್ತೆ.”

ಗಡಿಯಾರದವರು ಅವತ್ತು ತಟ್ಟೆಯಿಂದ ತಲೆ ಎತ್ತಿ ಇಬ್ಬರನ್ನೂ ನೋಡಿದರು, ಇನ್ನಷ್ಟು ಬಡಿಸಿ ಎಂದರು.